ಕೇಳಿದ್ದೀರಿ, ಹೇಳಿದ್ದೇವೆ: ಹೊಸದಾಗಿ ಚುಚ್ಚಿಸಿದ ಕಿವಿ, ಮೂಗು

ಕಿವಿ-ಮೂಗು ಚುಚ್ಚಿಸಿಕೊಂಡ ಮೇಲಿನ ಆರೈಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದಲೂ ಪತ್ರ ಬಂದಿವೆ. ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಏನು ಹಚ್ಚಬೇಕು? ನಮ್ಮ ಉತ್ತರ ಕೆಲವರಿಗೆ ಸಪ್ಪೆ ಅನಿಸೀತು. ಹಚ್ಚಬೇಕಾದದ್ದು ಬಹಳ ಕಡಿಮೆ, ಬಿಡಬೇಕಾದದ್ದೇ ಜಾಸ್ತಿ.

ಪ್ರಶ್ನೆ: ಮಗಳಿಗೆ ಮೂಗು ಚುಚ್ಚಿಸಿ ಎಂಟು ದಿನ ಆಯಿತು. ಚುಚ್ಚಿದವರು ಉಪ್ಪುನೀರಲ್ಲಿ ತೊಳೆಯಿರಿ ಅಂದಿದ್ದಾರೆ. ಮನೆಯಲ್ಲಿ ಸಾಣಿಕಟ್ಟಾದ ಹರಳುಪ್ಪು ಇದೆ, ಅದು ಆಗುತ್ತದೆಯೇ? ಎಷ್ಟು ಹಾಕಬೇಕು? ಅತ್ತೆಯವರು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚು ಅನ್ನುತ್ತಾರೆ. (ಓದುಗರು, ಕುಮಟಾ)

ಉತ್ತರ: ಉಪ್ಪುನೀರು ಸರಿ, ಹರಳುಪ್ಪು ಬೇಡ. ಗಾಯ ತೊಳೆಯುವ ನೀರಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರಬೇಕು, ಅಂದರೆ ಶೇಕಡಾ 0.9. ನಮ್ಮ ರಕ್ತದ ಉಪ್ಪಿಗೆ ಅದು ಹೆಚ್ಚುಕಡಿಮೆ ಸಮ. ಉಪ್ಪು ಇದಕ್ಕಿಂತ ಜಾಸ್ತಿಯಾದರೆ ಆಗಷ್ಟೇ ಹುಟ್ಟುತ್ತಿರುವ ಜೀವಕೋಶಗಳೊಳಗಿನ ನೀರನ್ನು ಹೊರಗೆಳೆದು ಅವುಗಳನ್ನು ಮುದುಡಿಸುತ್ತದೆ. ಉಪ್ಪಿಗೆ ಹಾಕಿದ ಅಪ್ಪೆಮಿಡಿ ಸುಕ್ಕಾಗುವುದೂ ಇದೇ ಕಾರಣಕ್ಕೆ. ಸಾಣಿಕಟ್ಟಾದ ಉಪ್ಪು ಬಯಲು ಆಗರದಲ್ಲಿ ಬಿಸಿಲಿಗೆ ಒಣಗಿದ್ದು. ಅದರಲ್ಲಿ ಮೆಗ್ನೀಷಿಯಂ ಲವಣವೂ ಸ್ವಲ್ಪ ಮಣ್ಣಿನ ಅಂಶವೂ ಇರುತ್ತವೆ. ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯ ಉಪ್ಪು ಬೇಡ, ಹಸಿಗಾಯಕ್ಕೆ ಮಾತ್ರ ಬೇಡ.

ಔಷಧಿ ಅಂಗಡಿಯಲ್ಲಿ 'ನಾರ್ಮಲ್ ಸಲೈನ್, 0.9' ಎಂದು ಕೇಳಿ. 5 ಅಥವಾ 10 ಮಿಲಿಯ ಪುಟ್ಟ ಪ್ಲಾಸ್ಟಿಕ್ ಆಂಪ್ಯೂಲ್ ಸಿಕ್ಕರೆ ಅದೇ ಅನುಕೂಲ: ಒಂದು ಹೊತ್ತಿಗೆ ಒಂದು ಒಡೆದು, ಉಳಿದದ್ದನ್ನು ಚೆಲ್ಲಿಬಿಡಿ. ಅದು ಸಿಗದಿದ್ದರೆ 100 ಮಿಲಿಯ ಬಾಟಲಿ ತನ್ನಿ. ಒಡೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರೂ ಒಂದು ದಿನಕ್ಕಿಂತ ಹೆಚ್ಚು ಬಳಸಬೇಡಿ, ಯಾಕೆಂದರೆ ಅದರಲ್ಲಿ ಕೆಡದಂತೆ ತಡೆಯುವ ಪದಾರ್ಥ ಯಾವುದೂ ಇಲ್ಲ. ಇನ್ನೊಂದು ಎಚ್ಚರ: ಪಕ್ಕದಲ್ಲೇ ಇಟ್ಟಿರುವ ಡಿಎನ್‌ಎಸ್ ಬಾಟಲಿ ನೋಡಲು ಹಾಗೆಯೇ ಇರುತ್ತದೆ. ಅದರಲ್ಲಿ ಶೇಕಡಾ 5 ಸಕ್ಕರೆ (ಡೆಕ್ಸ್‌ಟ್ರೋಸ್) ಇದೆ. ಗಾಯಕ್ಕೆ ಅದನ್ನು ಹಾಕಿದರೆ ಅಂಟಂಟಾಗುತ್ತದೆ, ಕ್ರಿಮಿಗಳಿಗೆ ಊಟ ಬಡಿಸಿದ ಹಾಗೂ ಆಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣ ಬೇರೆಯೇ ಪದಾರ್ಥ, ಅದನ್ನೂ ಮುಟ್ಟಬೇಡಿ.

ಔಷಧಿ ಅಂಗಡಿ ದೂರವಿದ್ದು ಒಂದೆರಡು ದಿನದ ಮಟ್ಟಿಗೆ ಮನೆಯಲ್ಲೇ ಮಾಡಿಕೊಳ್ಳಬೇಕಾದರೆ: 1 ಲೀಟರ್ ನೀರನ್ನು ಕುದಿ ಬಂದ ಮೇಲೆ 5 ನಿಮಿಷ ಕುದಿಸಿ, ಪ್ಯಾಕೆಟ್ಟಿನ ಪುಡಿಯುಪ್ಪು 9 ಗ್ರಾಂ ಹಾಕಿ. ಅದು ಟೀ ಚಮಚದಲ್ಲಿ ತಲೆಮಟ್ಟಕ್ಕೆ ಸವರಿ ಸುಮಾರು ಒಂದೂವರೆ ಚಮಚ. ಮುಚ್ಚಿಟ್ಟು ತಣಿಸಿ, ಆ ದಿನವೇ ಬಳಸಿ ಮುಗಿಸಿ. 'ಸ್ವಲ್ಪ ಉಪ್ಪು ಜಾಸ್ತಿ ಇದ್ದರೆ ಬೇಗ ಒಣಗುತ್ತದೆ' ಎಂದು ಇನ್ನೊಂದು ಚಿಟಿಕೆ ಸೇರಿಸುವ ಕೈಗಳು ನಮ್ಮಲ್ಲಿ ಬಹಳ. ಸೇರಿಸಬೇಡಿ.

ತೊಳೆಯುವುದು ದಿನಕ್ಕೆ ಎರಡು ಸಲ. ಮೊದಲು ಸೋಪಿನಲ್ಲಿ ಕೈ ತೊಳೆಯಿರಿ, ಉಗುರಿನ ಸಂದಿಯನ್ನೂ ಬಿಡದೆ. ಗಾಜ್ ಬಟ್ಟೆಯ ತುಂಡನ್ನು ಸಲೈನಿನಲ್ಲಿ ತೋಯಿಸಿ ಮೂಗುಬೊಟ್ಟಿನ ಮೇಲೆ ಎರಡು-ಮೂರು ನಿಮಿಷ ಸುಮ್ಮನೆ ಹಿಡಿದಿರಿ. ಹತ್ತಿ ಬೇಡ, ಅದರ ಎಳೆ ಬೊಟ್ಟಿನ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಕ್ಕಳೆ ನೆನೆದು ತಾನಾಗಿ ಬಿಟ್ಟರೆ ಒರೆಸಿ. ಬಿಡದಿದ್ದರೆ ನಾಳೆ ನೋಡಿದರಾಯಿತು. ಉಗುರಿನಿಂದ ಕೆರೆದರೆ ಅದರ ಜೊತೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಮೂಗಿನ ಒಳಬದಿಗೂ ಇದೇ ಕ್ರಮ. ಆಮೇಲೆ ಟಿಶ್ಯೂ ಕಾಗದದಿಂದ ಒತ್ತಿ ಒಣಗಿಸಿ. ಜೂನ್ ತಿಂಗಳಿನಿಂದ ನಮ್ಮ ಕರಾವಳಿಯಲ್ಲಿ ಬೈರಾಸು, ಟವೆಲ್ ಯಾವುದೂ ಪೂರ್ತಿ ಒಣಗುವುದಿಲ್ಲ. ಆ ಹಸಿ ವಾಸನೆಯ ಬಟ್ಟೆಯಿಂದ ಗಾಯ ಒರೆಸುವುದಕ್ಕಿಂತ ಒರೆಸದೇ ಇರುವುದು ಮೇಲು.

ಬೊಟ್ಟನ್ನು ತಿರುಗಿಸಬೇಡಿ. 'ದಿನಾ ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆ' ಎಂಬುದು ಹಳೆಯ ಮಾತು. ತಿರುಗಿಸಿದಾಗ ಆಗುವುದು ಇಷ್ಟೇ: ಹೊರಗಿನ ಒಣ ಹಕ್ಕಳೆ ತೂತಿನೊಳಕ್ಕೆ ಹೋಗಿ ಒಳಚರ್ಮವನ್ನು ಮರಳುಕಾಗದದಂತೆ ತರಚುತ್ತದೆ.

ಕೊಬ್ಬರಿ ಎಣ್ಣೆ-ಅರಿಶಿನದ ವಿಷಯ. ಅತ್ತೆಯವರ ಕಾಲದಲ್ಲಿ ತೂತಿಗೆ ತೆಂಗಿನ ಕಡ್ಡಿಯನ್ನೋ ಬೇವಿನ ಕಡ್ಡಿಯನ್ನೋ ಸಿಕ್ಕಿಸುತ್ತಿದ್ದರು, ಅದು ಒಣಗಿ ಚರ್ಮಕ್ಕೆ ಹಿಡಿಯದಿರಲಿ ಎಂದು ಎಣ್ಣೆ ಹಾಕುತ್ತಿದ್ದರು. ಅಲ್ಲಿ ಅದಕ್ಕೊಂದು ಕಾರಣವಿತ್ತು. ಲೋಹದ ನುಣುಪು ಕಾಲಿಗೆ ಆ ಅಗತ್ಯವಿಲ್ಲ. ಎಣ್ಣೆ-ಅರಿಶಿನದ ಮುದ್ದೆ ತೂತಿನ ಬಾಯಿ ಮುಚ್ಚಿ, ಒಳಗಿನ ರಸ ಹೊರಬರದಂತೆ ತಡೆಯುತ್ತದೆ. ಅರಿಶಿನದ ಬಣ್ಣದಲ್ಲಿ ಕೆಂಪು ಯಾವುದು, ಕೀವು ಯಾವುದು ಎಂದೂ ಕಾಣಿಸುವುದಿಲ್ಲ. ಸ್ಪಿರಿಟ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ದಿನಾ ಬೆಟಾಡಿನ್ ಇವೂ ಬೇಡ. ಇವು ಕ್ರಿಮಿಯ ಜೊತೆಗೆ ಗಾಯ ಕೂಡಿಸುವ ಜೀವಕೋಶವನ್ನೂ ಸಾಯಿಸುತ್ತವೆ. ನಿಯೋಮೈಸಿನ್ ಇರುವ ಮುಲಾಮಿಗೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ. ಅದನ್ನೇ ನಂಜು ಎಂದುಕೊಂಡು ಇನ್ನಷ್ಟು ಮುಲಾಮು ಮೆತ್ತುವವರಿದ್ದಾರೆ.

ಪ್ರಶ್ನೆ: ಮೂಗು ಚುಚ್ಚಿಸಿ ಮೂರು ತಿಂಗಳು. ಮೂರನೇ ವಾರಕ್ಕೇ ಮದುವೆಮನೆಗೆಂದು ಮೊದಲಿನ ಬೊಟ್ಟು ತೆಗೆದು ಚಿನ್ನದ್ದು ಹಾಕಿದೆ. ಈಗ ಪಕ್ಕದಲ್ಲಿ ಕೆಂಪು ಗುಳ್ಳೆ ಎದ್ದಿದೆ, ಮುಟ್ಟಿದರೆ ರಕ್ತ. ಟೂತ್‌ಪೇಸ್ಟ್, ಆಸ್ಪಿರಿನ್ ಪುಡಿ ಹಚ್ಚಿ ನೋಡಿದೆ. ಇದು ಕೀಲಾಯ್ಡ್ ಇರಬಹುದೇ? ನನ್ನ ತಾಯಿಗೆ ಭುಜದ ಮೇಲೆ ಕೀಲಾಯ್ಡ್ ಇದೆ. (ಓದುಗರು, ಅಂಕೋಲಾ)

ಉತ್ತರ: ನೀವು ಬರೆದ ಲಕ್ಷಣ ಕೀಲಾಯ್ಡಿನದ್ದಲ್ಲ. ಮೆತ್ತಗೆ, ಹಸಿ ಕೆಂಪಾಗಿ, ಮುಟ್ಟಿದ ಕೂಡಲೇ ರಕ್ತ ಬರುವುದು ಸಾಮಾನ್ಯವಾಗಿ ಗ್ರ್ಯಾನ್ಯುಲೋಮಾ. ಗಾಯಕ್ಕೆ ಮತ್ತೆಮತ್ತೆ ಪೆಟ್ಟು ಬಿದ್ದಾಗ ಅಗತ್ಯಕ್ಕಿಂತ ಜಾಸ್ತಿ ಬೆಳೆದ ಹಸಿಮಾಂಸ ಅದು. ಕೀಲಾಯ್ಡ್ ಗಟ್ಟಿ, ನುಣುಪು. ಗಾಯದ ಅಂಚನ್ನು ದಾಟಿ ಸುತ್ತಲಿನ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ, ಕಾಣಿಸಿಕೊಳ್ಳುವುದಕ್ಕೂ ಸಾಮಾನ್ಯವಾಗಿ ತಿಂಗಳುಗಳು ಹಿಡಿಯುತ್ತವೆ. ಆದರೂ ತಾಯಿಗಿದೆ ಎಂದ ಮೇಲೆ ನಿಮಗೂ ಅದರ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಕಿವಿಯ ಮೇಲಂಚು ಚುಚ್ಚಿಸುವ ಆಸೆ ಇದ್ದರೆ ಅದನ್ನು ಸದ್ಯಕ್ಕೆ ಬಿಡಿ.

ಯಾಕೆ ಬಂತು ಎಂದರೆ, ಮೂರನೇ ವಾರದ ಬದಲಾವಣೆಯೇ ಮೊದಲ ಕಾರಣ. ತೂತಿನ ಎರಡೂ ಬಾಯಿಯಿಂದ ಚರ್ಮ ಒಳಮುಖವಾಗಿ ಬೆಳೆಯುತ್ತಾ ನಡುವೆ ಕೂಡಬೇಕು. ಹೊರಗಿನ ಬಾಯಿ ಮೊದಲು ಒಣಗುವುದರಿಂದ ಎಲ್ಲ ಮಾಗಿದಂತೆ ಕಾಣುತ್ತದೆ, ನಡುವಿನ ಭಾಗ ಇನ್ನೂ ಹಸಿ. ಮೂಗಿಗೆ ನಾಲ್ಕರಿಂದ ಆರು ತಿಂಗಳು ಬೇಕು. ಕಿವಿಯ ಹಾಲೆಗೆ ಆರರಿಂದ ಎಂಟು ವಾರ ಸಾಕು. ಕಿವಿಯ ಮೇಲಂಚಿನ ಗಟ್ಟಿ ಭಾಗಕ್ಕೂ ಹೊಕ್ಕುಳಿಗೂ ಆರು ತಿಂಗಳಿಂದ ಒಂದು ವರ್ಷ.

ಎರಡನೆಯದು ಬೊಟ್ಟು. ಚಿನ್ನವೆಂದರೆ ಚರ್ಮಕ್ಕೆ ಒಳ್ಳೆಯದೇ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 22 ಕ್ಯಾರೆಟ್ಟಿನಲ್ಲಿ ಶೇಕಡಾ 91.6 ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅದು ಮೆದು ಲೋಹ, ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಕೈಯಲ್ಲಿ ಮಾಡಿದ ಬೊಟ್ಟಿನ ಬೆಸುಗೆಯ ಜಾಗ ಒರಟಾಗಿರುತ್ತದೆ, ತಿರುಪಿನ ಮರೆ (ಸುರುಳಿ ಗೀರು) ತೂತಿನೊಳಗೇ ಉಜ್ಜುತ್ತದೆ. 'ಒನ್ ಗ್ರಾಂ ಗೋಲ್ಡ್' ಆದರಂತೂ ಮೇಲೆ ಲೇಪ, ಒಳಗೆ ಹಿತ್ತಾಳೆ, ಹಲವು ಸಲ ನಡುವೆ ನಿಕ್ಕಲ್ ಪದರ. ನಿಕ್ಕಲ್ ಆಗದವರಿಗೆ ತುರಿಕೆ, ನೀರು ಸೋರುವುದು ಶುರುವಾಗುತ್ತದೆ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಮೂಗುಬೊಟ್ಟು ಬಹುಮಟ್ಟಿಗೆ ಆ ಲೆಕ್ಕದಲ್ಲೇ ಬರುತ್ತದೆ. ಆದ್ದರಿಂದ ಶೇಟರ (ಅಕ್ಕಸಾಲಿಗರ) ಅಂಗಡಿಯಲ್ಲಿ ಎಷ್ಟು ಕ್ಯಾರೆಟ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಈಗ ಮಾಡಬೇಕಾದದ್ದು: ಟೂತ್‌ಪೇಸ್ಟ್, ಆಸ್ಪಿರಿನ್ ಇವತ್ತೇ ನಿಲ್ಲಿಸಿ. ಆಸ್ಪಿರಿನ್ ಆಮ್ಲ, ಚರ್ಮ ಸುಡುತ್ತದೆ. ಬೊಟ್ಟನ್ನು ಪೂರ್ತಿ ತೆಗೆದು ಖಾಲಿ ಬಿಡಬೇಡಿ, ತೂತಿನ ಬಾಯಿ ಮುಚ್ಚಿ ಒಳಗಿನ ನಂಜು ಒಳಗೇ ಉಳಿದೀತು. ಗೊತ್ತಿರುವವರ ಕೈಯಲ್ಲಿ, ಇಂಪ್ಲಾಂಟ್ ದರ್ಜೆಯ ಟೈಟಾನಿಯಂನ, ಹಿಂದೆ ಚಪ್ಪಟೆ ತಟ್ಟೆ ಇರುವ ಬೊಟ್ಟು ಹಾಕಿಸಿ. 'ಎಎಸ್‌ಟಿಎಂ ಎಫ್136' (ಆ ದರ್ಜೆಯ ಗುರುತು) ಎಂದು ಕೇಳಿದರೆ ಅಂಗಡಿಯವರಿಗೆ ತಿಳಿಯಬೇಕು; ಮುಖ ಮುಖ ನೋಡಿದರೆ ಬೇರೆ ಅಂಗಡಿ ಹುಡುಕಿ. ದಿನಕ್ಕೆರಡು ಸಲ ಸಲೈನ್, ಮುಖ ತೊಳೆದ ಮೇಲೆ ಒತ್ತಿ ಒಣಗಿಸುವುದು, ಇಷ್ಟೇ. ನಾಲ್ಕರಿಂದ ಆರು ವಾರದಲ್ಲಿ ಗುಳ್ಳೆ ಇಳಿಯಬೇಕು. ಇಳಿಯದಿದ್ದರೆ ಡಾಕ್ಟರು ಸಿಲ್ವರ್ ನೈಟ್ರೇಟ್ ಮುಟ್ಟಿಸಿ ಒಣಗಿಸುತ್ತಾರೆ. ಕೀಲಾಯ್ಡೇ ಆಗಿದ್ದರೆ ಅದರೊಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಕೆಲವು ವಾರಕ್ಕೊಮ್ಮೆ, ಹಲವು ಸಲ. ಬರೀ ಕತ್ತರಿಸಿ ತೆಗೆದರೆ ಕೀಲಾಯ್ಡ್ ಮೊದಲಿಗಿಂತ ದೊಡ್ಡದಾಗಿ ಮರಳುವುದುಂಟು.

ಪ್ರಶ್ನೆ: ತಂಗಿ ಜಾತ್ರೆಪೇಟೆಯ ಅಂಗಡಿಯೊಂದರಲ್ಲಿ ಕಿವಿಯ ಮೇಲಂಚಿಗೆ, ಬುಗುಡಿ ಹಾಕುವ ಜಾಗಕ್ಕೆ, ಗನ್ನಿನಿಂದ ಚುಚ್ಚಿಸಿಕೊಂಡಳು. ಐದನೇ ದಿನಕ್ಕೆ ಕಿವಿ ಇಡೀ ಕೆಂಪು, ಬಿಸಿ, ದಪ್ಪ. ಔಷಧಿ ಅಂಗಡಿಯಿಂದ ಅಮಾಕ್ಸಿಸಿಲಿನ್ ತಂದು ಕೊಟ್ಟಿದ್ದೇವೆ, ಇಳಿದಿಲ್ಲ. (ಓದುಗರು, ಶಿರಸಿ)

ಉತ್ತರ: ಪತ್ರ ಕೈಸೇರಿದ ದಿನವೇ ನಿಮಗೆ ನೇರವಾಗಿ ತಿಳಿಸಿದ್ದೇವೆ. ಇಲ್ಲಿ ಅಚ್ಚು ಮಾಡುತ್ತಿರುವುದು ಉಳಿದವರಿಗಾಗಿ, ಯಾಕೆಂದರೆ ಇದು ಪತ್ರ ಬರೆದು ಕಾಯುವ ಕಾಯಿಲೆಯಲ್ಲ. ಅದೇ ದಿನ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಬೇಕು.

ಕಿವಿಯ ಮೇಲಿನ ಭಾಗ ಊದಿ, ಕೆಳಗಿನ ಹಾಲೆ ಮಾತ್ರ ಮೊದಲಿನಂತೆಯೇ ಇದೆಯೇ ನೋಡಿ. ಹಾಗಿದ್ದರೆ ನಂಜು ಕಾರ್ಟಿಲೇಜಿನ ಹೊದಿಕೆಗೆ ತಗಲಿದೆ ಎಂದು ಶಂಕಿಸಬೇಕು. ಕಾರ್ಟಿಲೇಜ್ ಅಂದರೆ ಕಿವಿಗೆ ಆಕಾರ ಕೊಡುವ ಬಾಗುವ ಎಲುಬಿನಂಥ ಭಾಗ. ಹಾಲೆಯಲ್ಲಿ ಅದು ಇಲ್ಲ. ಕಾರ್ಟಿಲೇಜಿಗೆ ತನ್ನದೇ ರಕ್ತನಾಳವಿಲ್ಲ, ಮೇಲಿನ ತೆಳು ಹೊದಿಕೆಯಿಂದಲೇ ಅದಕ್ಕೆ ಆಹಾರ. ಹೊದಿಕೆಗೂ ಕಾರ್ಟಿಲೇಜಿಗೂ ನಡುವೆ ಕೀವು ತುಂಬಿತೆಂದರೆ ಆಹಾರ ನಿಂತು ಅದು ಸಾಯುತ್ತದೆ. ಆಮೇಲೆ ನಂಜು ವಾಸಿಯಾದರೂ ಕಿವಿ ಮುದುಡಿಕೊಂಡು ಹೂಕೋಸಿನ ಹಾಗೆ ಉಳಿಯುತ್ತದೆ, ಅದನ್ನು ಮೊದಲಿನಂತೆ ಮಾಡುವುದು ಕಷ್ಟ.

ಇಲ್ಲಿ ಹೆಚ್ಚಾಗಿ ತೊಂದರೆ ಕೊಡುವುದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಒದ್ದೆ ಜಾಗವೇ ಅದರ ಮನೆ. ಅಮಾಕ್ಸಿಸಿಲಿನ್ ಅದಕ್ಕೆ ತಾಗುವುದೇ ಇಲ್ಲ. ಅದನ್ನು ನುಂಗಿ ಕಾದ ಪ್ರತಿ ದಿನವೂ ನಷ್ಟ. ಯಾವ ಔಷಧಿ, ಕೀವು ತೆಗೆಯಬೇಕೋ, ಬೊಟ್ಟು ಬಿಡಬೇಕೋ ತೆಗೆಯಬೇಕೋ ಎಂಬುದನ್ನೆಲ್ಲ ವೈದ್ಯರೇ ತೀರ್ಮಾನಿಸಲಿ. ಜ್ವರ, ಚಳಿ, ಕುತ್ತಿಗೆಯಲ್ಲಿ ಗಂಟು ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಗನ್ನಿನ ವಿಷಯ ಖಂಡಿತವಾಗಿ ಹೇಳುತ್ತೇವೆ: ಕಾರ್ಟಿಲೇಜಿಗೂ ಮೂಗಿಗೂ ಅದು ಬೇಡ. ಸೂಜಿ ಟೊಳ್ಳು, ಹರಿತ. ಕೊಯ್ದು ದಾರಿ ಮಾಡುತ್ತದೆ. ಗನ್ ಸ್ಪ್ರಿಂಗಿನ ಬಲದಿಂದ ಮೊಂಡು ಬೊಟ್ಟನ್ನು ಗುದ್ದಿ ತೂರಿಸುತ್ತದೆ, ಕಾರ್ಟಿಲೇಜ್ ಸೀಳುಬಿಡಬಹುದು. ಗನ್ನಿನ ಪ್ಲಾಸ್ಟಿಕ್ ಮೈಯನ್ನು ಹಬೆಯಿಂದ ಕ್ರಿಮಿ ಕೊಲ್ಲುವ 121 ಡಿಗ್ರಿಯ ಆಟೋಕ್ಲೇವಿನಲ್ಲಿಟ್ಟರೆ ಕರಗುತ್ತದೆ, ಆದ್ದರಿಂದ ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ ಅಷ್ಟೇ. ಹಿಂದಿನವರ ರಕ್ತದ ಸಣ್ಣ ಹನಿ ಅದರ ಸಂದಿಯಲ್ಲಿದ್ದರೆ ಆ ಒರೆಸಾಟಕ್ಕೆ ಹೋಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಬಲ್ಲದು. ಮೇಲಾಗಿ ಗನ್ನಿನ ಬೊಟ್ಟಿನ ಕಾಲು ಗಿಡ್ಡ, ಹಿಂದಿನ ಚಿಟ್ಟೆಯಾಕಾರದ ಕ್ಲಿಪ್ ಬಿಗಿ. ಚುಚ್ಚಿದ ಮೇಲೆ ಕಿವಿ ಊದುವುದು ಸಹಜ, ಊದಲು ಜಾಗವೇ ಇಲ್ಲದಿದ್ದರೆ ರಕ್ತ ಓಡುವುದಿಲ್ಲ. ಸೂಜಿಯಲ್ಲಿ ಚುಚ್ಚುವವರು ಮೇಲಂಚಿಗೆ ಮೊದಲು 8 ಮಿಲಿಮೀಟರಿನ ಆಸುಪಾಸಿನ ಉದ್ದ ಕಾಲನ್ನು ಹಾಕಿ, ಊತ ಇಳಿದ ಮೇಲೆ, ಆರರಿಂದ ಎಂಟು ವಾರಕ್ಕೆ, ಗಿಡ್ಡದ್ದಕ್ಕೆ ಬದಲಿಸುವುದು ಇದಕ್ಕೇ. ಆ ಎರಡನೇ ಭೇಟಿಯನ್ನು ತಪ್ಪಿಸಬೇಡಿ, ಉದ್ದ ಕಾಲು ಹಾಗೇ ಉಳಿದರೆ ಕೂದಲಿಗೆ ಸಿಕ್ಕಿ ಓರೆಯಾಗುತ್ತದೆ.

ಚುಚ್ಚಿಸುವ ಮೊದಲು ಇಷ್ಟು ನೋಡಿ: ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಬೇಕು, ಕೈಗವಸು ಹೊಸದಿರಬೇಕು, ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಹೋಗಬೇಕು. ಧನುರ್ವಾಯು ಲಸಿಕೆ ಬಾಕಿಯಿದ್ದರೆ ಹಾಕಿಸಿಕೊಂಡೇ ಹೋಗಿ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿಗೆ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಇರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಹೃದಯದ ಕವಾಟದ ತೊಂದರೆಯವರು ತಮ್ಮ ಡಾಕ್ಟರನ್ನು ಕೇಳದೆ ಚುಚ್ಚಿಸಬಾರದು.

ಪ್ರಶ್ನೆ: ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪಿಮೀನು) ತೆಗೆಯುವ ಕೆಲಸ ನಮ್ಮದು. ಕಿವಿ ಚುಚ್ಚಿಸಿ ಎರಡು ವಾರ. ಸಮುದ್ರದ ನೀರೂ ಉಪ್ಪುನೀರೇ, ಗಾಯಕ್ಕೆ ಒಳ್ಳೆಯದು ಅನ್ನುತ್ತಾರೆ, ಹೌದೇ? (ಓದುಗರು, ಕುಮಟಾ ತಾಲೂಕು)

ಉತ್ತರ: ಅಲ್ಲ. ಸಮುದ್ರದ ನೀರಿನಲ್ಲಿ ಉಪ್ಪು ಶೇಕಡಾ 3.5ರಷ್ಟು, ಸಲೈನಿನ ಸುಮಾರು ನಾಲ್ಕು ಪಟ್ಟು. ಅಳಿವೆಯಲ್ಲಿ ಉಪ್ಪು ಕಡಿಮೆ, ಆದರೆ ಬೆಚ್ಚಗಿನ ಸವುಳು ನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ, ಚಿಪ್ಪಿನ ಪ್ರಾಣಿಗಳ ಮೈಯಲ್ಲೂ ಇರುತ್ತವೆ. ಹಸಿಗಾಯದಿಂದ ಅವು ಒಳಹೊಕ್ಕರೆ ಅಪರೂಪಕ್ಕೆ ಬಹಳ ಗಂಭೀರವಾಗುತ್ತದೆ, ಮುಖ್ಯವಾಗಿ ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇದ್ದವರಿಗೆ.

ಕೆಲಸ ಬಿಡಿ ಎಂದು ಸುಲಭವಾಗಿ ಬರೆಯಬಹುದು, ಹೊಟ್ಟೆ ಕೇಳಬೇಕಲ್ಲ. ಹಾಲೆ ಮಾಗುವ ಆರರಿಂದ ಎಂಟು ವಾರ ತಲೆ ಮುಳುಗಿಸುವ ಕೆಲಸ ಬೇಡ, ಸೊಂಟಮಟ್ಟದ ನೀರಲ್ಲಿ ನಿಂತು ತೆಗೆಯುವುದಿದ್ದರೆ ತೆಗೆಯಿರಿ. ಬಳಚು, ಮೀನು ಮುಟ್ಟಿದ ಕೈಯನ್ನು ಕಿವಿಗೆ ತಾಗಿಸಬೇಡಿ. ಕೈ ತುರಿಸುವುದು ಕಿವಿಯನ್ನೇ, ಅದೂ ಕೆಲಸದ ನಡುವೆಯೇ. ಅದಕ್ಕೆ ತಲೆಗೆ ವಸ್ತ್ರ ಕಟ್ಟಿಕೊಂಡರೆ ಒಳ್ಳೆಯದು. ದಡಕ್ಕೆ ಬಂದವರೇ ಕುಡಿಯುವ ನೀರಿನಿಂದ ಕಿವಿ ತೊಳೆದು ಒಣಗಿಸಿ, ಮನೆಯಲ್ಲಿ ಸಲೈನ್ ಹಾಕಿ. ಚುಚ್ಚಿಸುವುದಕ್ಕೆ ಮುಂಚೆ ಕೇಳಿದ್ದರೆ ಕೆಲಸ ಕಡಿಮೆ ಇರುವ ತಿಂಗಳು ನೋಡಿ ಅನ್ನುತ್ತಿದ್ದೆವು. ನೋವು ಗಂಟೆಗಂಟೆಗೆ ಏರಿದರೆ, ಚರ್ಮ ನೇರಳೆಯಾಗಿ ನೀರುಗುಳ್ಳೆ ಎದ್ದರೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಹೊಳೆಗೆ ಇಳಿದದ್ದನ್ನೂ ಡಾಕ್ಟರಿಗೆ ಹೇಳಿ. ಅದು ಗೊತ್ತಾದರೆ ಔಷಧಿಯ ಆಯ್ಕೆ ಬದಲಾಗುತ್ತದೆ.

ಗೋಕರ್ಣದ ಕಡಲತಡಿಯಲ್ಲಿ ಹೊಕ್ಕುಳು ಚುಚ್ಚಿಸಿಕೊಂಡು ಅದೇ ಸಂಜೆ ನೀರಿಗಿಳಿದ ಕಾಲೇಜು ಹುಡುಗಿಗೂ ಇದೇ ಉತ್ತರ.

ಪ್ರಶ್ನೆ: ಮೊಮ್ಮಗಳಿಗೆ ನಲವತ್ತು ದಿನ. ಕಿವಿ ಚುಚ್ಚುವ ಶಾಸ್ತ್ರ ಬೇಗ ಮುಗಿಸೋಣ ಎಂದರೆ ಸೊಸೆ ಒಪ್ಪುತ್ತಿಲ್ಲ. ಚಿಕ್ಕವರಿದ್ದಾಗ ನೋವು ಕಡಿಮೆಯಲ್ಲವೇ? (ಓದುಗರು, ಹೊನ್ನಾವರ)

ಉತ್ತರ: ಸೊಸೆಯ ಮಾತು ಕೇಳಿ ಅಮ್ಮಾ. ಮಗುವಿಗೆ 6, 10 ಮತ್ತು 14ನೇ ವಾರಕ್ಕೆ ಪೆಂಟಾವಲೆಂಟ್ ಲಸಿಕೆ ಇದೆ. ಧನುರ್ವಾಯು, ಹೆಪಟೈಟಿಸ್ ಬಿ ಎರಡರ ರಕ್ಷಣೆಯೂ ಅದರಲ್ಲಿದೆ. ಮೂರನ್ನೂ ಮುಗಿಸಿ, ಆಮೇಲೆ ಒಂದೆರಡು ವಾರ ಬಿಟ್ಟು ದಿನ ನೋಡಿ. ನಲವತ್ತು ದಿನದ ಮಗುವಿಗೆ ಕಿವಿಯ ನಂಜಿನಿಂದ ಜ್ವರ ಬಂದರೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ನೋವು ಚಿಕ್ಕವರಿಗೂ ಅಷ್ಟೇ ಆಗುತ್ತದೆ, ಹೇಳಲು ಬಾಯಿಲ್ಲ ಅಷ್ಟೇ.

ಶೇಟರ ಕೈಯಲ್ಲೇ ಆಗಬೇಕು ಎಂದಿದ್ದರೆ ಚಿನ್ನದ ತಂತಿಯನ್ನೇ ಸೂಜಿ ಮಾಡಿ ಚುಚ್ಚುವುದು ಬೇಡ. ಮಕ್ಕಳ ಡಾಕ್ಟರಲ್ಲಿ ಹೊಸ ಸೂಜಿಯಿಂದ ಚುಚ್ಚಿಸಿ, ಶೇಟರು ಮಾಡಿದ ಓಲೆಯನ್ನು ಕಿವಿ ಪೂರ್ತಿ ಮಾಗಿದ ಮೇಲೆ ಹಾಕಿ. ಶಾಸ್ತ್ರಕ್ಕೂ ಭಂಗವಿಲ್ಲ. ಚುಚ್ಚುವ ಮೊದಲು ಎರಡೂ ಕಿವಿಗೆ ಗುರುತು ಹಾಕಿಸಿ, ಮಗುವನ್ನು ನೇರ ಕೂರಿಸಿ ಎದುರಿನಿಂದ ನೋಡಿ. ಮಲಗಿಸಿ ನೋಡಿದರೆ ಸಮ ಕಂಡದ್ದು ಕೂತಾಗ ಓರೆಯಾಗಿರುತ್ತದೆ. ಓಲೆಯ ಹಿಂಬದಿ ಚಪ್ಪಟೆ, ನುಣುಪು ಇರಲಿ. ತಿರುಪನ್ನು ಹಾಲೆಗೆ ಒತ್ತುವಷ್ಟು ಬಿಗಿ ಮಾಡಬೇಡಿ. ಬಿಗಿ ಮಾಡಿದರೆ ಎರಡೇ ವಾರದಲ್ಲಿ ತಿರುಪಿನ ಮೇಲೆ ಚರ್ಮ ಬೆಳೆದು ಅದು ಹಾಲೆಯೊಳಗೆ ಹೂತುಹೋಗುತ್ತದೆ, ಕೊಯ್ದು ತೆಗೆಯಬೇಕಾಗುತ್ತದೆ. ದಿನಾ ಹಿಂಬದಿಯನ್ನು ಕಣ್ಣಿಂದ ನೋಡಿ: ತಿರುಪು ಕಾಣುತ್ತಿದೆಯೇ? ತಲೆಗೆ ಎಣ್ಣೆ ತಿಕ್ಕಿ ಮೀಯಿಸುವ ದಿನ ಕೊನೆಯ ತಂಬಿಗೆ ಕಿವಿಗೆ ಬರೀ ಶುದ್ಧ ನೀರಿನದ್ದಾಗಲಿ. ಶೀಗೆ, ಕಡಲೆಹಿಟ್ಟು ತೂತಿನ ಬಾಯಲ್ಲಿ ಕೂರಬಾರದು.

ಪ್ರಶ್ನೆ: ಮಾರ್ಚ್ ಕೊನೆಗೆ ದ್ವಿತೀಯ ಪಿಯು ಮುಗಿಯುತ್ತದೆ, ಆಗ ಮೂಗು ಚುಚ್ಚಿಸಬೇಕೆಂದಿದ್ದೇನೆ. ಮೇ ತಿಂಗಳಲ್ಲಿ ನೀಟ್ ಇದೆ. ಪರೀಕ್ಷೆಯ ದಿನ ಮಾತ್ರ ತೆಗೆದಿಟ್ಟರೆ ಆಗದೇ? (ಓದುಗರು, ಕಾರವಾರ)

ಉತ್ತರ: ಆಗದು. ನೀಟ್ ಕೇಂದ್ರದೊಳಗೆ ಮೂಗುಬೊಟ್ಟು, ಓಲೆ ಸೇರಿ ಯಾವ ಆಭರಣಕ್ಕೂ ಅವಕಾಶವಿಲ್ಲ. ಒಂದೂವರೆ ತಿಂಗಳ ಮೂಗಿನ ತೂತು ಬೊಟ್ಟು ತೆಗೆದ ಅರ್ಧ ಗಂಟೆಗೇ ಕಿರಿದಾಗಲು ಶುರುವಾಗಬಹುದು. ಪರೀಕ್ಷೆ ಮೂರು ಗಂಟೆ, ಒಳಗೆ ಬಿಡುವುದು ಅದಕ್ಕೂ ಮುಂಚೆ. ಸಂಜೆ ಒತ್ತಿ ತೂರಿಸಹೋದರೆ ಬೊಟ್ಟು ಹೊಸ ದಾರಿ ಮಾಡಿಕೊಂಡು ಹೋಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿ ಹಾಕಿ ಹೋಗಿ ಬಾಗಿಲಲ್ಲಿ ವಾದಿಸುವುದು ಆ ದಿನಕ್ಕೆ ತಕ್ಕ ಕೆಲಸವಲ್ಲ. ಪರೀಕ್ಷೆ ಮುಗಿದ ಮರುದಿನ ಚುಚ್ಚಿಸಿ. ಮಳೆ ಹಿಡಿಯುವುದರೊಳಗೆ ಮೊದಲ ಕೆಲವು ವಾರವೂ ಕಳೆದಿರುತ್ತದೆ.

ಪ್ರಶ್ನೆ: ಚುಚ್ಚಿಸಿದ ಮೇಲೆ ಶೆಟ್ಲಿ (ಸಿಗಡಿ), ಬದನೆಕಾಯಿ ನಂಜು ಎಂದು ತಿನ್ನಲು ಬಿಡುವುದಿಲ್ಲ. ಎಷ್ಟು ದಿನ ಪಥ್ಯ? (ಓದುಗರು, ಭಟ್ಕಳ)

ಉತ್ತರ: ಶೆಟ್ಲಿ ತಿಂದರೆ ಮೈ ತುರಿಸುವ ಅಭ್ಯಾಸ ಮೊದಲಿನಿಂದ ಇಲ್ಲವೆಂದರೆ ತಿನ್ನಿ. ಗಾಯ ಕೂಡಲು ಪ್ರೋಟೀನ್ ಬೇಕು.

ಪ್ರಶ್ನೆ: ದಿನಾ ಬೈಕಿನಲ್ಲಿ ಓಡಾಟ. ಮೇಲಂಚಿಗೆ ಚುಚ್ಚಿಸಿ ನಾಲ್ಕು ತಿಂಗಳಾದರೂ ಬೆಳಿಗ್ಗೆ ಎದ್ದಾಗ ನೋವು, ತೆಳು ಹಳದಿ ನೀರು. ಇದು ಕೀವೇ? (ಓದುಗರು, ಕಾರವಾರ)

ಉತ್ತರ: ತೆಳು, ವಾಸನೆಯಿಲ್ಲದ, ಒಣಗಿದರೆ ಬೆಲ್ಲದ ಬಣ್ಣಕ್ಕೆ ತಿರುಗುವ ರಸ ಕೀವಲ್ಲ. ಮಾಗುವ ಗಾಯದ ಸಹಜ ರಸ ಅದು. ಕೀವು ದಪ್ಪ, ಹಸಿರು-ಹಳದಿ, ವಾಸನೆ ಇರುತ್ತದೆ, ಮುಟ್ಟಿದರೆ ಮಿಡಿಯುವ ನೋವು.

ಬೆಳಿಗ್ಗೆಯೇ ನೋವು ಎಂದರೆ ಆ ಬದಿಗೆ ಮಲಗುತ್ತಿದ್ದೀರಿ. ರಾತ್ರಿಯಿಡೀ ಒತ್ತಡ ಬಿದ್ದು ಬೊಟ್ಟಿನ ಕೋನವೇ ಬದಲಾಗುತ್ತದೆ. ಬಸ್ ಪ್ರಯಾಣಕ್ಕೆ ಕುತ್ತಿಗೆಗೆ ಹಾಕುವ ಬಳೆಯಾಕಾರದ ದಿಂಬಿನ ನಡುವಿನ ತೂತಿಗೆ ಕಿವಿ ಬರುವಂತೆ ಮಲಗಿ. ಮಳೆಗಾಲದಲ್ಲಿ ದಿಂಬಿನ ಹೊದಿಕೆಯ ಮೇಲೆ ಇಸ್ತ್ರಿ ಮಾಡಿದ ಹಳೆ ಹತ್ತಿ ಬಟ್ಟೆ ಹಾಸಿ, ದಿನಾ ಬದಲಿಸಿ. ಹೆಲ್ಮೆಟ್ ಬಿಡಬೇಡಿ. ಪಟ್ಟಿ ಪೂರ್ತಿ ಸಡಿಲಿಸಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಚುಚ್ಚಿಸಿದ ಬದಿಯನ್ನು ಮೊದಲು ಇಳಿಸಿ, ತೆಗೆಯುವಾಗ ಅದನ್ನೇ ಕೊನೆಗೆ ಬಿಡಿಸಿ. ಒಳಗಿನ ಸ್ಪಂಜು ತೊಳೆದು ಎಷ್ಟು ದಿನವಾಯಿತು ಎಂದು ಮೂಸಿ ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಅಮ್ಮನಿಗೆ ಎಂಆರ್‌ಐ ಮಾಡಿಸಬೇಕು. ಮೂವತ್ತು ವರ್ಷದ ಮೂಗುಬೊಟ್ಟಿನ ತಿರುಪು ತಿರುಗುತ್ತಲೇ ಇಲ್ಲ. ಇಕ್ಕಳ ಹಾಕಿ ಎಳೆಯಬಹುದೇ? (ಓದುಗರು, ಯಲ್ಲಾಪುರ)

ಉತ್ತರ: ಇಕ್ಕಳ ಬೇಡ, ಮೂಗು ಹರಿದೀತು. ತಿರುಪಿನ ಮರೆಯಲ್ಲಿ ಒಣಗಿದ ಸಿಂಬಳ ಕಲ್ಲಾಗಿರುತ್ತದೆ. ಐದಾರು ದಿನ ಮೊದಲೇ ಶುರುಮಾಡಿ: ದಿನಕ್ಕೆ ಮೂರು ಸಲ ಆ ಹೊಳ್ಳೆಗೆ ನಾಲ್ಕು ಹನಿ ಸಲೈನ್ ಬಿಟ್ಟು ಹತ್ತು ನಿಮಿಷ ನೆನೆಯಲು ಬಿಡಿ, ಬೆಚ್ಚಗಿನ ನೀರಿನ ಹಬೆ ತೆಗೆದುಕೊಳ್ಳಲಿ. ಆಮೇಲೆ ಹೊರಗಿನ ಹರಳನ್ನು ಒಬ್ಬರು ಬೆರಳಲ್ಲಿ ಗಟ್ಟಿ ಹಿಡಿದು, ಒಳಗಿನ ತಿರುಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ನೋಡಿ. ಆಗ ಅಮ್ಮ ತಲೆ ಮುಂದಕ್ಕೆ ಬಗ್ಗಿಸಿ, ಬಾಯಿಂದ ಉಸಿರಾಡುತ್ತಾ ಕೂತಿರಬೇಕು. ತಲೆ ಹಿಂದಕ್ಕೆ ವಾಲಿಸಿ ಬಿಚ್ಚುವುದೇ ಎಲ್ಲರೂ ಮಾಡುವ ತಪ್ಪು. ತಿರುಪು ಜಾರಿದರೆ ಗಂಟಲಿಗೆ, ಅಲ್ಲಿಂದ ಶ್ವಾಸನಾಳಕ್ಕೂ ಇಳಿಯಬಹುದು. ಎರಡು ಸಲಕ್ಕೆ ಬಾರದಿದ್ದರೆ ಬಿಡಿ. ಕಿವಿ-ಮೂಗು-ಗಂಟಲಿನ ವೈದ್ಯರು ಮರಗಟ್ಟಿಸಿ ಕಾಲನ್ನು ಕತ್ತರಿಸಿ ತೆಗೆಯುತ್ತಾರೆ.

ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ. ಆದರೆ ಯಂತ್ರದೊಳಗೆ ಲೋಹ ಬಿಸಿಯಾಗಬಹುದು, ಮುಖದ ಭಾಗದ ಚಿತ್ರವೂ ಕೆಡುತ್ತದೆ. ಬೊಟ್ಟು ತೆಗೆಯಲು ಆಗಿಲ್ಲವೆಂದರೆ ಒಳಗೆ ಹೋಗುವ ಮೊದಲೇ ತಂತ್ರಜ್ಞರಿಗೆ ಹೇಳಿ, ಪ್ಲಾಸ್ಟರ್ ಅಂಟಿಸಿ ಮುಚ್ಚಿಕೊಂಡು ಹೋಗಬೇಡಿ. ಮೂವತ್ತು ವರ್ಷದ ತೂತು ಒಂದು ದಿನಕ್ಕೆ ಮುಚ್ಚುವುದಿಲ್ಲ, ಸ್ಕ್ಯಾನ್ ಮುಗಿಸಿ ಮನೆಗೆ ಬಂದು ನಿಧಾನಕ್ಕೆ ಹಾಕಿಕೊಳ್ಳಲಿ.